ಒಂದೂ ತಪ್ಪಿಲ್ಲದ ಕಾಗದಗಳು

ಆಗಿನ್ನೂ ಬನಶಂಕರಿ ಎರಡನೇ ಹಂತದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಎಪ್ಪತ್ತರ ದಶಕದ ಕೊನೆಯ ಒಂದು ಜೂನಿನಲ್ಲಿ, ನನಗೆ ಹತ್ತು ವರ್ಷವಿದ್ದಾಗ, ಅಪ್ಪ ನನ್ನನ್ನು ಅಲ್ಲಿ ಕಮಲತ್ತೆಯ ಮನೆಯಲ್ಲಿ ಬಿಟ್ಟುಹೋದರು. ಅವರಿಗೆ ದೂರದ ಅಣೆಕಟ್ಟೆಯ ಕ್ಯಾಂಪಿನಲ್ಲಿ ಕೆಲಸ. ಅಲ್ಲಿ ಇಂಗ್ಲಿಷ್ ಶಾಲೆ ಇರಲಿಲ್ಲ. ಮಗಳಿಗೆ ಇಂಗ್ಲಿಷ್ ಬರಲೇಬೇಕೆಂಬುದು ಅವರ ಹಟ.

"ವಾರಕ್ಕೊಂದು ಕಾಗದ ಬರಿ, ಇಂಗ್ಲಿಷಲ್ಲೇ. ಐದು ಇಡಿಯಮ್ಸ್, ಸ್ವಂತ ವಾಕ್ಯದಲ್ಲಿ. ಕನ್ನಡದಲ್ಲಿ ಬರೆದ್ರೆ ನಾನು ಓದಲ್ಲ," ಎಂದರು ಬಸ್ ಹತ್ತುವಾಗ. ಕ್ಯಾಂಪಿನಲ್ಲಿ ಅವರ ಜೊತೆಗಿದ್ದ ಅಮ್ಮನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅದನ್ನು ನೆನಪಿಸುವ ಧೈರ್ಯ ನನಗಾಗಲಿಲ್ಲ.

ಅತ್ತೆ ಕೆಟ್ಟವರಲ್ಲ. ಅವರು ಗೊಜ್ಜವಲಕ್ಕಿ ಮಾಡಿದರೆ ಒಗ್ಗರಣೆಯ ಘಮ ಗೇಟಿನವರೆಗೂ ಬರುತ್ತಿತ್ತು. ಮಾತು ಮಾತ್ರ ಬಲು ಕಡಿಮೆ. "ತಿನ್ನು", "ಓದ್ಕೋ", "ಮಲಕ್ಕೋ", ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಶಾಲೆಯ ಹುಡುಗಿಯರೆಲ್ಲ ಜಯನಗರದವರು. ಸಂಜೆ ನಾನೊಬ್ಬಳೇ ಗೇಟಿನ ಮುಂದೆ ಕುಂಟೆಬಿಲ್ಲೆಯ ಮನೆ ಬರೆದು, ಇಲ್ಲದ ಗೆಳತಿಯ ಪಾಳಿಯನ್ನೂ ನಾನೇ ಆಡುತ್ತಿದ್ದೆ. ಹೆಚ್ಚಾಗಿ ಅವಳನ್ನೇ ಗೆಲ್ಲಿಸುತ್ತಿದ್ದೆ. ಸೋತರೆ ನಾಳೆ ಬರುವುದಿಲ್ಲವೇನೋ ಎಂಬ ಭಯ.

ಮೊದಮೊದಲ ಕಾಗದಗಳಲ್ಲಿ ಮಳೆ, ನಾಯಿ, ಬಸ್ಸು ಎಂದು ಏನೇನೋ ಗೀಚಿದೆ. ಒಂದು ದಿನ ವ್ಯಾಕರಣ ಪುಸ್ತಕದ ಕೊನೆಯ ನುಡಿಗಟ್ಟುಗಳ ಪಟ್ಟಿಯಲ್ಲಿ 'ಎ ಫಿಶ್ ಔಟ್ ಆಫ್ ವಾಟರ್' ಸಿಕ್ಕಿತು. ತನ್ನದಲ್ಲದ ಜಾಗದಲ್ಲಿ ಒದ್ದಾಡುವವರು ಎಂದು ಅರ್ಥ. ಮೈ ಜುಮ್ಮೆಂದಿತು. ಅತ್ತೆಯ ಮನೆಯಲ್ಲಿ ನಾನು ಹಾಗಿದ್ದೇನೆ ಎಂದು ಬರೆದೆ. ಅಪ್ಪ ನನ್ನನ್ನು ನೋಡಲು ಬರುವುದು 'ಒನ್ಸ್ ಇನ್ ಎ ಬ್ಲೂ ಮೂನ್', ಅಂದರೆ ಬಲು ಅಪರೂಪಕ್ಕೆ, ಎಂದೂ ಬರೆದೆ. 'ಕ್ರೈ ಯುವರ್ ಐಸ್ ಔಟ್' ಎಂದರೆ ಕಣ್ಣೀರು ಬತ್ತುವಷ್ಟು ಅಳುವುದು. ಪ್ರತಿ ಭಾನುವಾರ ನನ್ನದು ಅದೇ ಎಂದೆ. ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಿ ಬಂದವಳೇ ಬಟ್ಟೆ ಮಡಿಸಿ ಟ್ರಂಕಿಗೆ ತುಂಬಿದೆ. ಅಪ್ಪ ಓದಿದ ತಕ್ಷಣ ಕರೆದೊಯ್ಯಲು ಬರುತ್ತಾರೆಂದು ನನಗೆ ಅನುಮಾನವೇ ಇರಲಿಲ್ಲ.

ಅಪ್ಪ ಬರಲಿಲ್ಲ. ನನ್ನ ಕಾಗದವೇ ವಾಪಸ್ ಬಂತು. ಪ್ರತಿ ವಾಕ್ಯದ ಪಕ್ಕ ಕೆಂಪು ಶಾಯಿಯ ರೈಟ್ ಗುರುತು. ಕೆಳಗೆ, 'ಗುಡ್. ಕೈಬರಹ ಸುಧಾರಿಸಬೇಕು.' ಇನ್ನೂ ಗಟ್ಟಿಯಾಗಿ ಗೋಳಾಡುವ ಇಡಿಯಮ್ಮುಗಳನ್ನು ಹುಡುಕಿ ಹುಡುಕಿ ಬರೆದೆ. ಎಲ್ಲಕ್ಕೂ ರೈಟ್. ದಸರಾ ಹೊತ್ತಿಗೆ ಕೈಬರಹವೂ ಸುಧಾರಿಸಿತ್ತು.

ರಜಕ್ಕೆ ಕ್ಯಾಂಪಿಗೆ ಹೋದಾಗ ಅಮ್ಮ ತಲೆಗೆ ಎಣ್ಣೆ ಹಚ್ಚುತ್ತ ಹೇಳಿದಳು: "ನಿನ್ ಕಾಗದ ಬಂದಾಗೆಲ್ಲ ನಿಮ್ಮಪ್ಪ, 'ಒಂದೂ ತಪ್ಪಿಲ್ಲ ನೋಡೇ' ಅಂತ ತೋರಿಸ್ತಿದ್ರು. ಸದ್ಯ, ಮಗು ಚೆನ್ನಾಗಿದೆ ಅಂತ ನಂಗೆ ನೆಮ್ಮದಿ ಆಗ್ತಿತ್ತು ಕಣೆ."

"ಹೂಂ," ಎಂದೆ. ರಜ ಮುಗಿಸಿಕೊಂಡು ಬನಶಂಕರಿಗೆ ವಾಪಸಾದೆ.

ಈಗ ಅಲ್ಲಿ ಒಂದೂ ಖಾಲಿ ಸೈಟಿಲ್ಲ. ಆ ಕಾಗದಗಳು ನನ್ನ ಬಳಿಯೇ ಇವೆ, ಕೆಂಪು ಶಾಯಿ ಮಾಸಿದೆ. ಅವುಗಳ ಅರ್ಥವನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಲು ಅವತ್ತು ನನಗೆ ಒಂದು ನಿಮಿಷ ಸಾಕಿತ್ತು. ಅವಳ ನೆಮ್ಮದಿ ಕೆಡಿಸಲು ಮನಸ್ಸಾಗಲಿಲ್ಲ. ಈಗ ಹೇಳೋಣವೆಂದರೆ ಅಮ್ಮ ಇಲ್ಲ.