ಕುರಿಗೆ ಐವತ್ತು ಮಿಲಿ

ಗದಗ-ಬೆಟಗೇರಿಯ ಪ್ರೆಸ್ಸಿನ ಮಾಲೀಕರು ಫೋನ್ ಮಾಡಿದಾಗ ನಾನು ಲಕ್ಷ್ಮೇಶ್ವರದ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಅವರ ಪ್ರೆಸ್ಸಿಗೆ ಸಾಫ್ಟ್‌ವೇರ್ ಬರೆದುಕೊಟ್ಟವಳು ನಾನು. ಅಲ್ಲಿ ಇಲಿ ವೈರ್ ಕಡಿದರೂ ನನಗೇ ಕರೆ.

"ಮೇಡಂ, ಜಲ್ದಿ ಬರ್ರಿ. ಯಾರು ಏನ್ ಬದಲ್ ಮಾಡಿದ್ರೂ ಗೊತ್ತಾಗ್ತೈತಿ ಅಂದಿದ್ರೆಲ್ಲ, ಅದನ್ನ ತಗದು ತೋರಸ್ರಿ. ಇವತ್ತ ಆಕಿನ್ನ ಹೊರಗ ಹಾಕ್ತೀನಿ."

ಆಕೆ ಎಂದರೆ ಅಲ್ಲಿ ಲೇಬಲ್ ಟೈಪ್ ಮಾಡುವ ಹೆಣ್ಣುಮಗಳು. ಮಲ್ಲಸಮುದ್ರದಿಂದ ದಿನಾ ಟಂಟಂ ರಿಕ್ಷಾ ಹಿಡಿದು ಬರುತ್ತಿದ್ದಳು, ಹತ್ತು ವರ್ಷದಿಂದ.

ಆಗಿದ್ದು ಇಷ್ಟು. ಮುಂಡರಗಿಯ ಗಿರಾಕಿಯೊಬ್ಬರು ಕುರಿಗೆ ಕುಡಿಸುವ ಜಂತಿನ ಔಷಧದ ಲೇಬಲ್ ಅಚ್ಚು ಹಾಕಿಸಿದ್ದರು. ಕುರಿಗೆ ಐದು ಮಿಲಿ ಎಂದಿರಬೇಕಾದಲ್ಲಿ ಐವತ್ತು ಎಂದು ಬಿದ್ದಿತ್ತು. ಬಾಟಲಿಗಳು ಶಿರಹಟ್ಟಿಯ ಅಂಗಡಿಯನ್ನೂ ಸೇರಿಬಿಟ್ಟಿದ್ದವು. ಅಲ್ಲೊಬ್ಬ ಕುರಿಗಾರ ಲೇಬಲ್ ಓದಿಸಿಕೊಂಡು, "ಎರಡ ಕುರಿಗೆ ಒಂದ್ ಬಾಟ್ಲಿನಾ? ಕುರಿ ಸಾಯಸಾಕ ಹೊಂಟೀರೇನು?" ಎಂದು ಜಗಳ ತೆಗೆದ. ಅವನ ಪುಣ್ಯ, ಒಂದು ಕುರಿಗೂ ಕುಡಿಸಿರಲಿಲ್ಲ.

ನಾನು ಬಸ್ಸಿಳಿದು ಪ್ರೆಸ್ಸಿಗೆ ಹೋದಾಗ ಮಷಿನ್ ಎಲ್ಲ ನಿಂತಿದ್ದವು. ಆಕೆ ತನ್ನ ಕಂಪ್ಯೂಟರಿನ ಪಕ್ಕ ಸೆರಗು ಬಿಗಿಹಿಡಿದು ನಿಂತಿದ್ದಳು.

"ನಾ ಬದಲ್ ಮಾಡಿಲ್ರಿ ಸಾವ್ಕಾರ."

"ನೀ ಸುಮ್ನಿರು, ಕಂಪ್ಯೂಟರ್ ಹೇಳ್ತೈತಿ. ಆಮ್ಯಾಲೆ ಗದಗಿನ್ಯಾಗ ಯಾವ ಪ್ರೆಸ್ಸಿನವ್ರು ನಿನ್ನ ಒಳಗ ಕರಕೋತಾರ, ನಾನೂ ನೋಡ್ತೀನಿ."

ಅದು ಬಾಯಿಮಾತಿನ ಬೆದರಿಕೆಯಲ್ಲ. ಇಲ್ಲಿ ಪ್ರೆಸ್ಸಿನವರೆಲ್ಲ ಒಬ್ಬರಿಗೊಬ್ಬರು ಬೇಕಾದವರು. ಸಂಜೆಯೊಳಗೆ ಊರೆಲ್ಲ ಖಬರ ಮುಟ್ಟಿ, ಆಕೆಗೆ ಗೊತ್ತಿರುವ ಒಂದೇ ಕೆಲಸಕ್ಕೆ ಬಾಗಿಲು ಮುಚ್ಚುತ್ತಿತ್ತು.

ನಾನು ಕುಳಿತು ಬದಲಾವಣೆಗಳ ಪಟ್ಟಿ ತೆಗೆದೆ. ಕೆಲಸದ ಕಡತಗಳೆಲ್ಲ ಒಂದು ಡೇಟಾಬೇಸಿನಲ್ಲಿದ್ದವು. ಅದಕ್ಕೆ ನಾನೊಂದು ಟ್ರಿಗರ್ ಕೂರಿಸಿದ್ದೆ. ಯಾರೇ ಒಂದಕ್ಷರ ಬದಲಿಸಿ ಸೇವ್ ಮಾಡಲಿ, ಹಳೆಯದೇನಿತ್ತು, ಹೊಸದೇನು, ಯಾರ ಲಾಗಿನ್, ಎಷ್ಟು ಗಂಟೆ ಎಂಬುದನ್ನು ಅದು ತನ್ನಷ್ಟಕ್ಕೆ ಬೇರೊಂದು ಪಟ್ಟಿಯಲ್ಲಿ ಬರೆದಿಡುತ್ತಿತ್ತು. ಹೊಸದು ಎಂಬಲ್ಲಿ ಐವತ್ತು ಸಿಕ್ಕಿತು. ಲಾಗಿನ್ ಎಂಬಲ್ಲಿ ಆಕೆಯ ಹೆಸರಿತ್ತು.

ನಾನು ತಲೆಯೆತ್ತಿ ಆಕೆಯ ಮುಖ ನೋಡಿದೆ. ಖರೆ ಹೇಳಬೇಕೆಂದರೆ, ಆ ಕ್ಷಣಕ್ಕೆ ನನಗೂ ಆಕೆಯ ಮೇಲೆ ಸಿಟ್ಟೇ ಬಂತು. ಮಾಡಿದ್ದನ್ನು ಒಪ್ಪಿಕೊಂಡರೆ ಏನು ಗಂಟು ಹೋಗುತ್ತದೆ ಎಂದುಕೊಂಡೆ.

"ಸಿಕ್ತಲ್ರಿ?" ಮಾಲೀಕರು ನನ್ನ ಭುಜದ ಹಿಂದೆಯೇ ನಿಂತಿದ್ದರು.

ಹೂಂ ಎನ್ನಲು ಬಾಯಿ ತೆರೆದವಳು ತಡೆದೆ. ಹಳೆಯದು ಎಂಬಲ್ಲಿ ಐದು ಇರಬೇಕಿತ್ತು, ಇರಲಿಲ್ಲ. ಅಲ್ಲಿ 'ಶ್ರೀ' ಎಂದಿತ್ತು. ಅದರ ಮೇಲಿನ ಸಾಲು ನೋಡಿದೆ. ಹಳೆಯದು ಐದು, ಹೊಸದು ಶ್ರೀ. ಎರಡರ ನಡುವೆ ಎರಡೇ ನಿಮಿಷ. ತಾರೀಖು ಕಳೆದ ಅಮಾವಾಸ್ಯೆಯದು.

ಆ ಪ್ರೆಸ್ಸಿನಲ್ಲಿ ಪ್ರತಿ ಅಮಾವಾಸ್ಯೆಗೂ ಮಷಿನ್‌ಗಳಿಗೆ ಪೂಜೆ. ಕಾಯಿ ಒಡೆದು, ಕೀಬೋರ್ಡಿಗೂ ಕುಂಕುಮ ಹಚ್ಚಿ, ಮಾಲೀಕರು ತಮ್ಮ ಕೈಯಿಂದಲೇ ಕಂಪ್ಯೂಟರಿನಲ್ಲಿ ಶ್ರೀ ಎಂದು ಬರೆದು ಸೇವ್ ಮಾಡಬೇಕು, ಆಮೇಲೆಯೇ ಉಳಿದವರ ಕೆಲಸ. ಬೇರೆ ಯಾರೂ ಅದನ್ನು ಬರೆಯುವಂತಿಲ್ಲ. ಸಾಮಾನ್ಯವಾಗಿ ಖಾಲಿ ಹಾಳೆಯ ಮೇಲೆ ಬರೆಯುತ್ತಿದ್ದರು. ಅವತ್ತು ಆಕೆ ತನ್ನ ಲಾಗಿನ್ನಿನಲ್ಲಿ ಕುರಿ ಔಷಧದ ಕಡತ ತೆರೆದಿಟ್ಟಿದ್ದಳು.

ನನ್ನ ವರ್ಷದ ಕೆಲಸಕ್ಕೆಲ್ಲ ಆ ಮನುಷ್ಯನೇ ಆಧಾರ. ಆದರೂ ಆ ಎರಡು ಸಾಲಿನ ಮೇಲೆ ಬೆರಳಿಟ್ಟೆ.

ಅವರು ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು. "ಎಮ್ಮಿ ಔಷಧಕ್ಕ ಐವತ್ತು ಇತ್ತು..." ಎಂದು ತಮ್ಮೊಳಗೇ ಗೊಣಗಿದರು. ಶ್ರೀ ಅಳಿಸಿದ ಮೇಲೆ, ಹೋದ ಅಂಕಿಯನ್ನು ನೆನಪಿನಿಂದ ತುಂಬಿದ್ದರು. ಆಮೇಲೆ ದನಿ ತಗ್ಗಿಸಿ, "ಮೇಡಂ, ಇದನ್ನ ಅಳಸಾಕ ಬರತೈತೇನ್ರಿ?" ಎಂದರು.

"ಬರತೈತ್ರಿ. ಆದ್ರ ನಾ ಅಳಸೂದಿಲ್ಲ."

ಅವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. ಕೊನೆಗೆ ಅವರು ಫೋನ್ ತೆಗೆದು, ಎಲ್ಲರೆದುರಿಗೇ ಮುಂಡರಗಿಗೆ ಹಚ್ಚಿದರು. "ತಪ್ಪು ನಂದ ಐತ್ರಿ. ಬ್ಯಾರೆ ಲೇಬಲ್ ನಾನ ಹಾಕಿಸಿ ಕೊಡ್ತೀನಿ." ಆಕೆಯ ಕಡೆ ನೋಡದೆ, "ಕುಂಡ್ರವಾ, ಕೆಲಸ ಮಾಡು," ಎಂದು ಹೊರಗೆ ಹೋದರು.

ನನಗೆ ಗೆದ್ದಷ್ಟು ಖುಷಿ. ಆಕೆಯ ಹತ್ತಿರ ಹೋಗಿ, "ಅವರು ಶ್ರೀ ಬರೆದದ್ದು ನೋಡಿದ್ದೇನವಾ ನೀ?" ಎಂದೆ.

"ನೋಡಿದ್ನಿ ಅಕ್ಕಾರ. ಶ್ರೀ ಬರಿಯೂವಾಗ ಬಾಜೂಕನ ನಿಂತಿದ್ದೆ. ಆಮ್ಯಾಲೆ ಪ್ರಸಾದ ಹಂಚಾಕ ಹೋದೆ."

"ಮತ್ತ ನನಗರ ಹೇಳಬಾರದಾಗಿತ್ತೇನು?"

ಆಕೆ ಕುರಿ ಔಷಧದ ಕಡತ ತೆರೆದು, ಐವತ್ತರ ಸೊನ್ನೆ ಅಳಿಸಿದಳು.

"ಹೇಳೂನು ಅಂತ ನಿಮ್ಮ ಮಾರಿ ನೋಡಿದ್ನಿ. ನೀವೂ ಆಗಲೇ ನನ್ನ ಹೆಸರು ಓದಿ ಮುಗಿಸಿದ್ರಿ."