ಅಪ್ಪನ ಕೈ ಕಟ್ಟಿದ ರಾತ್ರಿ

ನಂಬುವವರು ನಂಬಿ, ಇಲ್ಲದವರು ಮಗ್ಗುಲು ಬದಲಿಸಿ ಮಲಗಿ. ನನಗೇನೂ ನಷ್ಟವಿಲ್ಲ. ಇದಕ್ಕೆ ನಾನು ಚಿಟಿಕೆಯಷ್ಟೂ ಉಪ್ಪು ಖಾರ ಸೇರಿಸಿಲ್ಲ. ಅನುಭವಿಸಿದವನು ನನ್ನ ಹೆತ್ತಪ್ಪ, ಮಾಡಿದವನು ಒಡಹುಟ್ಟಿದ ಅಣ್ಣ. ಸುಳ್ಳು ಹೇಳಿ ನನಗೆ ಆಗಬೇಕಾದ್ದೇನು?

ಎಂಬತ್ತರ ದಶಕದ ಶುರುವಿನ ಮಾತು. ಅಪ್ಪ ಎಮ್ಮೆದೊಡ್ಡಿ ಕಾವಲಿನಲ್ಲಿ ದನ ಕಾಯುತ್ತಲೇ ಮುದುಕನಾದವನು. ನನ್ನನ್ನು ಹಿರೇನಲ್ಲೂರಿಗೆ ಕೊಟ್ಟಿದ್ದರು. ಅಣ್ಣ ರಂಗಣ್ಣ ತರೀಕೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟು ನಾಲ್ಕು ಜನರ ಹತ್ತಿರ ಹೆಸರು ಮಾಡಿದ್ದ. ಅಪ್ಪ ಹಾಸಿಗೆ ಹಿಡಿದಾಗ ಅಲ್ಲಿಯದೇ ಒಂದು ಸಣ್ಣ ಆಸ್ಪತ್ರೆಗೆ ಸೇರಿಸಿದ. ನಾನು ಬಸ್ಸು ಹತ್ತಿ ಹೋಗುವಷ್ಟರಲ್ಲಿ ಅಪ್ಪನ ಮೂಗಿಗೆ ನಳಿಗೆ, ತೋಳಿಗೆ ಗ್ಲೂಕೋಸ್ ಸೂಜಿ, ಕೆಳಗಡೆ ಇನ್ನೊಂದು ನಳಿಗೆ...

ಡಾಕ್ಟರು ಒಳ್ಳೆಯ ಮನುಷ್ಯ. ಅವರ ತಪ್ಪಿಲ್ಲ. ಸಂಜೆ ನಮ್ಮಿಬ್ಬರನ್ನೂ ಕರೆದು ಬಿಡಿಸಿ ಹೇಳಿದರು.

“ಕಿಡ್ನಿ ಎರಡೂ ಸೋತಿವೆ. ಇನ್ನು ಔಷಧಿಯಿಂದ ಏನೂ ಆಗಲ್ಲ, ಸುಮ್ನೆ ಹಿಂಸೆ. ಇದನ್ನೆಲ್ಲ ತೆಗೆದುಬಿಡ್ತೀನಿ, ಮನೆಗೆ ಕರ್ಕೊಂಡು ಹೋಗಿ. ತುಟಿ ಒದ್ದೆ ಮಾಡ್ತಾ ಹತ್ರ ಕೂತ್ಕೊಳ್ಳಿ.”

“ಆಗಲ್ಲ ಡಾಕ್ಟ್ರೇ” ಅಂದ ಅಣ್ಣ. “ಹೆತ್ತಪ್ಪನ್ನ ಆಸ್ಪತ್ರೆಯಿಂದ ಹೊತ್ಕೊಂಬಂದು ಸಾಯಿಸ್ದ ಅಂತಾರೆ ಜನ. ನೀವು ಇನ್ನೊಂದು ಬಾಟ್ಲಿ ಏರ್ಸಿ.”

ಡಾಕ್ಟರು ನನ್ನ ಮುಖ ನೋಡಿದರು. ಗಂಡುಮಗ ಮಾತಾಡಿದ ಮೇಲೆ ಕೊಟ್ಟ ಹೆಣ್ಣಿನ ಮಾತನ್ನು ಕೇಳುವವರು ಯಾರು?

ಅಪ್ಪನಿಗೆ ಆ ನಳಿಗೆ ಬೇಡ. ಕೈಗೆ ಸಿಕ್ಕಾಗಲೆಲ್ಲ ಕೀಳುತ್ತಿದ್ದ. ಅದಕ್ಕೇ ಎರಡೂ ಕೈಯನ್ನು ಬ್ಯಾಂಡೇಜು ಪಟ್ಟಿಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ನನ್ನನ್ನು ಕಂಡವನೇ ಗೊಗ್ಗರು ದನಿಯಲ್ಲಿ ಪಿಸುಗುಟ್ಟಿದ.

“ಅವ್ವಾ... ಕೈ ಬಿಚ್ಚವ್ವಾ... ಹಗ್ಗದಾಗೆ ಸಾಯಿಸ್ಬ್ಯಾಡ್ರೋ...”

ನಮ್ಮ ಕಡೆ ದನಕ್ಕೆ ಕೊನೆಗಾಲ ಬಂತೆಂದು ತಿಳಿದರೆ ಮೊದಲು ಕೊರಳ ಹಗ್ಗ ಬಿಚ್ಚುತ್ತಾರೆ. ಕಟ್ಟಿದ ಗೂಟದಲ್ಲೇ ಸತ್ತರೆ ಆ ಮನೆಗೆ ಪಾಪ ಸುತ್ತಿಕೊಳ್ಳುತ್ತದೆ. ಅಪ್ಪ ತನ್ನ ಆಯುಷ್ಯದಲ್ಲಿ ಎಷ್ಟು ಮುದಿ ಹಸುಗಳ ಹಗ್ಗ ಬಿಚ್ಚಿದ್ದನೋ. ಅವನ ಹಗ್ಗ ಬಿಚ್ಚುವವರು ಇರಲಿಲ್ಲ.

ರಾತ್ರಿ ಕರೆಂಟು ಹೋಯಿತು. ಕಿಟಕಿಯಲ್ಲಿಟ್ಟ ಲಾಟೀನಿನ ಬೆಳಕಲ್ಲಿ ಅಣ್ಣ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ನಾನು ಕೆಳಗೆ ಚಾಪೆಯ ಮೇಲಿದ್ದೆ. ಫಿನಾಯಿಲ್ ವಾಸನೆಯ ನಡುವೆ ಇನ್ನೇನೋ ಮೂಗಿಗೆ ಬಡಿಯಿತು... ಗಂಜಲ, ಒದ್ದೆ ಹುಲ್ಲು. ತಲೆ ಎತ್ತಿ ನೋಡಿದರೆ ಅಪ್ಪನ ಕೈ ಬಿಚ್ಚಿಕೊಂಡಿತ್ತು.

ಗಂಟು ಸಡಿಲಾದದ್ದಲ್ಲ. ಪಟ್ಟಿಗಳನ್ನು ಯಾರೋ ಬಿಚ್ಚಿ, ಸುರುಳಿ ಸುತ್ತಿ, ದಿಂಬಿನ ಪಕ್ಕ ಇಟ್ಟಿದ್ದರು. ಅಪ್ಪನ ಬೆರಳುಗಳು ಊದಿ ಬದನೆಕಾಯಿಯಂತಾಗಿದ್ದವು, ನೂಲೆಳೆ ಹಿಡಿಯುವ ಶಕ್ತಿಯೂ ಅವಕ್ಕಿರಲಿಲ್ಲ.

ಸಿಸ್ಟರು ಬಂದು ನನ್ನ ಮೇಲೇ ರೇಗಿದರು. ಮತ್ತೆ ಕಟ್ಟಿದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ವಾಸನೆ... ಮತ್ತೆ ದಿಂಬಿನ ಪಕ್ಕ ಅದೇ ಸುರುಳಿ!

ಅಣ್ಣ ಎದ್ದು ನಿಂತ. “ಲೇ ಸಾಕಿ, ಅಪ್ಪನ್ನ ಸಾಯ್ಸಕ್ಕೆ ಅಂತಾನೇ ಬಂದಿದೀಯೇನೇ?”

“ನನ್ನ ಮಕ್ಕಳಾಣೆ, ನಾನು ಮುಟ್ಟಿಲ್ಲ ಕಣೋ! ಅವನು ಸಾಯ್ತಾವ್ನೆ, ನಿನ್ನ ಕಣ್ಣಿಗೆ ಕಾಣಕಿಲ್ವಾ? ಬಿಟ್ಬಿಡೋ ಅಣ್ಣಾ. ಕಾಲಿಗೆ ಬೀಳ್ತೀನಿ.”

ನಿಜವಾಗಿಯೂ ಕಾಲಿಗೆ ಬಿದ್ದೆ. ಅವನು ಕಾಲು ಎಳೆದುಕೊಂಡು, ಪಟ್ಟಿ ತೆಗೆದು ತಾನೇ ಕಟ್ಟಿದ. ಅದು ಎಂಥ ಗಂಟು ಗೊತ್ತೇ? ಎಳೆದಷ್ಟೂ ಬಿಗಿಯುವ ಜೀರುಗುಣಿಕೆ. ಪುಂಡು ಹೋರಿಗೆ ಹಾಕುವುದು. ಅಪ್ಪನೇ ಅವನಿಗೆ ಕಲಿಸಿದ್ದ. ಬಿಚ್ಚಲು ಹೋದ ನನ್ನನ್ನು ರಟ್ಟೆ ಹಿಡಿದು ಜಗಲಿಗೆ ನೂಕಿ, ಬಾಗಿಲು ಹಾಕಿ ಒಳಗಿಂದ ಚಿಲಕ ಜಡಿದುಬಿಟ್ಟ.

ಜಗಲಿಯಲ್ಲಿ ಕುಳಿತು ಅತ್ತೆ. ಆಗ ಶುರುವಾಯಿತು...

ಅಂಗಳದ ಕಲ್ಲುಚಪ್ಪಡಿಯ ಮೇಲೆ ಗೊರಸಿನ ಸದ್ದು. ಒಂದೆರಡಲ್ಲ, ಮಂದೆಗೆ ಮಂದೆಯೇ ಬರುತ್ತಿರುವ ಹಾಗೆ. ಬುಸುಗುಟ್ಟುವ ಉಸಿರು ನನ್ನ ಕೆನ್ನೆಗೇ ತಾಗಿತು, ಬೆಚ್ಚಗೆ. ಕಣ್ಣು ಬಿಟ್ಟು ನೋಡುತ್ತೇನೆ, ಅಂಗಳ ಖಾಲಿ! ಬೆಳದಿಂಗಳಲ್ಲಿ ಒಂದು ನಾಯಿಯೂ ಇಲ್ಲ.

ಆಮೇಲೆ ಬೇಲಿಯ ಆಚೆಯಿಂದ ಒಂದು ಕೂಗು.

“ಹೋ... ಹೋ... ಬಾ... ಬಾ...”

ಅಪ್ಪನ ದನಿ. ನಾನು ಲಂಗ ಉಟ್ಟು ಓಡಾಡುತ್ತಿದ್ದ ಕಾಲದಲ್ಲಿ ಇಡೀ ಕಾವಲಿಗೆ ಕೇಳಿಸುತ್ತಿದ್ದ ತುಂಬಿದ ದನಿ. ಗೊರಸುಗಳು ಆ ಕಡೆ ತಿರುಗಿದವು. ದೂರವಾದವು... ನಿಂತೇಹೋದವು.

ನಾನು ಬಾಗಿಲು ಬಡಿದೆ. ತೆಗೆಯಲಿಲ್ಲ. ಸಿಸ್ಟರು ಓಡಿಬಂದು, ಪಕ್ಕದ ಕೋಣೆಯ ಬೀಗ ತೆಗೆದು, ಅಲ್ಲಿನ ಒಳಬಾಗಿಲಿನಿಂದ ಹೋಗಿ ಚಿಲಕ ತೆಗೆದರು. ಅಪ್ಪ ಹೋಗಿಬಿಟ್ಟಿದ್ದ. ಕೈ ಕಟ್ಟಿದ ಹಾಗೇ ಇತ್ತು. ಬಾಟ್ಲಿ ಮಾತ್ರ ಇನ್ನೂ ತೊಟ್ಟಿಕ್ಕುತ್ತಿತ್ತು. ಅಣ್ಣ ಕುರ್ಚಿಯಲ್ಲಿ ಕಣ್ಣು ತೆರೆದುಕೊಂಡೇ ಬೆವರಿ ಕೂತಿದ್ದ. ಗಂಟು ಬಿಚ್ಚಲು ಬರದೆ ಸಿಸ್ಟರು ಕತ್ತರಿಯಿಂದ ಕತ್ತರಿಸಿದರು.

ಮಾರನೆಯ ದಿನ ಎಮ್ಮೆದೊಡ್ಡಿಯಲ್ಲಿ ಹೆಣಕ್ಕೆ ನೀರು ಹಾಕುವಾಗ ಅಪ್ಪನ ಕೈಗಳನ್ನು ಹಿಡಿದು ನೋಡಿದೆ. ಅಷ್ಟು ಬಿಗಿದಿದ್ದರೂ ಒಂದು ಗೆರೆಯಿಲ್ಲ. ಚೊಂಬು ಹಿಡಿದ ಅಣ್ಣನ ಅಂಗಿಯ ತೋಳು ಮೇಲೆ ಸರಿಯಿತು. ಅವನ ಎರಡೂ ಮಣಿಕಟ್ಟಿನ ಸುತ್ತ ಚರ್ಮ ಕಿತ್ತು ಕೆಂಪಗಾಗಿತ್ತು, ಹಗ್ಗ ಉಜ್ಜಿದ ಹಾಗೆ.

“ಏನೋ ಇದು?” ಅಂದೆ.

ಅವನಿಗೆ ದನಿಯೇ ಹೊರಡಲೊಲ್ಲದು. “ಬಿಚ್ಚಣ ಅಂತ ಏಳಕ್ಕೋದೆ ಕಣೇ... ಅಪ್ಪ ನನ್ನೇ ನೋಡ್ತಿದ್ದ. ಕುರ್ಚಿಯಿಂದ ಕೈ ಬರ್ಲಿಲ್ಲ. ಯಾರೋ ಬಿಗಿದಂಗಿತ್ತು.”

“ಕೈ ಬರ್ಲಿಲ್ಲ, ಸರಿ. ನಾನು ಬಾಗ್ಲಾಚೆಗೇ ಇದ್ನಲ್ಲೋ ಪಾಪಿ! ಬಾಯಿಗೇನಾಗಿತ್ತು ನಿಂಗೆ?”

“ಕೂಗ್ದೆ ಸಾಕಿ. ನಿನ್ನ ಹೆಸರೇ ಕೂಗ್ದೆ... ಗಂಟಲು ಹರಿಯೋ ಹಂಗೆ ಕೂಗ್ದೆ.”

ನಡುವೆ ಇದ್ದದ್ದು ಒಂದು ಹಲಗೆ ಬಾಗಿಲು. ನನಗೆ ಅವನ ಕೂಗು ಕೇಳಿಸಲೇ ಇಲ್ಲ. ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡರೆ ನೆಮ್ಮದಿಯಾಗಿ ಶಾಪ ಹಾಕಬಹುದಿತ್ತು. ಆದರೆ ಅವತ್ತು ಒಡೆದ ಅವನ ಗಂಟಲು ಇವತ್ತಿಗೂ ಸರಿಹೋಗಿಲ್ಲ.