ಉಂಡು ಕರಗಿದ ಚನ್ನಬಸಮ್ಮ ಮೇಡಂ

ಚನ್ನಬಸಮ್ಮ ಮೇಡಂ ಸೋಮವಾರ ಉಪವಾಸ ಮಾಡುತ್ತಿದ್ದರು. ವಾರದಲ್ಲಿ ಅವರು ಅತಿ ಹೆಚ್ಚು ತಿನ್ನುತ್ತಿದ್ದದ್ದೂ ಅಂದೇ. ಸಾಬೂದಾಣಿ ಖಿಚಡಿ, ಹುರಿದ ಶೇಂಗಾ, ಬಾಳೆಹಣ್ಣು, ಕೊನೆಗೆ ಪೇಢೆ. ಇಷ್ಟನ್ನೂ ನಮ್ಮ ಸೇಡಂ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಸಾಲಾಗಿ ಇಟ್ಟುಕೊಂಡು, ವಿಭೂತಿ ಹಚ್ಚಿದ ಹಣೆಯ ಬೆವರೊರೆಸಿ ಶುರುಮಾಡುತ್ತಿದ್ದರು.

"ಇದೆಂಥ ಉಪವಾಸ್ರಿ ಮೇಡಂ?" ಎಂದು ನಾನು ಒಮ್ಮೆ ಕೇಳಿದ್ದೆ.

"ಶಿವಗ ಬೇಕಾಗಿದ್ದು ಭಕ್ತಿ ಸರ್. ನನ್ನ ಖಾಲಿ ಹೊಟ್ಟಿ ತಗೊಂಡು ಅವ ಏನ್ ಮಾಡ್ತಾನ? ಅವನೇ ಕೈಲಾಸದಾಗ ಹೆಂಡ್ತಿ ಮಾಡಿದ್ದು ಉಂಡು ಆರಾಮ ಕುಂತಿರ್ತಾನ."

ಅವರು ಕನ್ನಡ ಮೇಡಂ, ನಾನು ವಿಜ್ಞಾನದ ಮಾಸ್ತರ. ಅವರ ದೇಹ ದೊಡ್ಡದು, ಧ್ವನಿ ಅದಕ್ಕಿಂತ ದೊಡ್ಡದು. ಇಬ್ಬರ ಬೆಂಚಿನಲ್ಲಿ ಒಬ್ಬರೇ ಕುಳಿತು, "ಬರ್ರಿ, ಜಾಗ ಭಾಳ ಅದ" ಎಂದು ನಮ್ಮನ್ನು ಕರೆಯುವರು. ವ್ಯಾಕರಣವನ್ನೂ ಅಡುಗೆಮನೆಯಿಂದಲೇ ತರುತ್ತಿದ್ದರು. ಎಣ್ಣೆ, ಕಾಯಿ ಕೂಡಿದರೆ ಎಣ್ಣೆಗಾಯಿ, ಆದೇಶ ಸಂಧಿ. ಪರೀಕ್ಷೆಯಲ್ಲಿ ಮಕ್ಕಳು ಬೇರೆಲ್ಲ ಮರೆತರೂ ಅದೊಂದನ್ನು ಮರೆಯುತ್ತಿರಲಿಲ್ಲ.

ಮದುವೆಯಾಗದ ಮೇಡಂಗೆ ತಮ್ಮವನೆಂದು ಇದ್ದವನು ಒಬ್ಬನೇ ತಮ್ಮ, ಮಲ್ಲಿನಾಥ. ಚಿಂಚೋಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ. ತಾಯಿ ತೀರಿದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವರು ಇವರೇ. ಅವನ ಎರಡೂ ಕಿಡ್ನಿ ಕೈಕೊಟ್ಟು, ಮೂತ್ರವೇ ನಿಂತು, ಡಯಾಲಿಸಿಸ್‌ಗೆಂದು ಕಲಬುರಗಿಗೆ ತಿರುಗಾಡಿ ತಿರುಗಾಡಿ ಕಡ್ಡಿಯಾಗಿದ್ದ. ಮೇಡಂ ಎರಡನೇ ಮಾತಿಲ್ಲದೆ "ನನ್ನದು ತಗೋರಿ" ಎಂದರು. ರಕ್ತ ಹೊಂದಿತು, ಎಲ್ಲವೂ ಹೊಂದಿತು. ಡಾಕ್ಟರು ಮೇಡಂರನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ಇಷ್ಟು ತೂಕ ಇಟ್ಟುಕೊಂಡು ಕಿಡ್ನಿ ತೆಗೆದರೆ ನಿಮಗೇ ಅಪಾಯ, ಹದಿನೈದು ಕಿಲೋ ಇಳಿಸಿ ಬನ್ನಿ ಎಂದುಬಿಟ್ಟರು.

"ಕಿಡ್ನಿ ಒಳಗ ಅದ, ಕೊಬ್ಬು ಹೊರಗ ಅದ. ನಡುವ ಇವರದೇನು ತಕರಾರು?" ಎಂದು ಮೇಡಂ ಸ್ಟಾಫ್ ರೂಮಿನಲ್ಲಿ ಕೂಗಾಡಿದರು. ಮರುದಿನ ಡಬ್ಬಿಯಲ್ಲಿ ಓಟ್ಸ್ ಗಂಜಿ ಬಂತು. ಒಂದು ಚಮಚ ಬಾಯಿಗಿಟ್ಟು, ಕಿಟಕಿಯಾಚೆ ಹೊಗೆ ಬಿಡುತ್ತಿದ್ದ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ನೋಡಿದರು.

"ಊರ ತುಂಬ ಸಿಮೆಂಟ್ ಅದ, ತಿನ್ನೋದೊಂದು ಬಾಕಿ ಇತ್ತು ನೋಡ್ರಿ. ಇದನ್ನ ಹಚ್ಚಿ ಗ್ವಾಡಿ ಕಟ್ಟಿದ್ರ ಮೊಮ್ಮಕ್ಕಳ ಕಾಲಕ್ಕೂ ಬೀಳಂಗಿಲ್ಲ."

ಆದರೂ ತಿಂದರು. ಗಂಜಿ, ಬೇಯಿಸಿದ ಗಜ್ಜರಿ, ಉಪ್ಪಿಲ್ಲದ ಕೋಸು. ಆ ದಿನಗಳಲ್ಲಿ ಒಂಬತ್ತನೇ ತರಗತಿಯ ಮಕ್ಕಳು ಮೇಡಂ ಬಂದರೆ ಉಸಿರು ಬಿಡಲಿಕ್ಕೂ ಹೆದರುತ್ತಿದ್ದರು. ಹಗಲೆಲ್ಲ ಹಸಿದು ಸಿಟ್ಟಾಗುವುದು, ಮನೆಗೆ ಹೋಗಿ ಕೈಗೆ ಸಿಕ್ಕಿದ್ದು ನುಂಗುವುದು. ಮುಂದಿನ ತಪಾಸಣೆಗೆ ಹೋದಾಗ ತೂಕ ಒಂದಿಷ್ಟು ಏರಿಯೇ ಇತ್ತು.

ಆ ದಿನ ನಾನೂ ಬೇರೆ ಕೆಲಸಕ್ಕೆ ಕಲಬುರಗಿಗೆ ಹೋಗಿದ್ದೆ. ಇಬ್ಬರೂ ಒಂದೇ ರೈಲುಗಾಡಿಯಲ್ಲಿ ಮರಳುತ್ತಿದ್ದೆವು. ಶಹಾಬಾದ್ ದಾಟಿತು. ವಾಡಿಯಲ್ಲಿ ಗಾಡಿ ಎಂದಿನಂತೆ ಬಹಳ ಹೊತ್ತು ನಿಂತಿತು. ಕಿಟಕಿಗೆ ಮಿರ್ಚಿ ಭಜಿಯ ಬುಟ್ಟಿ ಬಂತು. ಮೇಡಂ ಕೊಂಡರು. ಒಂದು ಪೊಟ್ಟಣ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದವರು, ಅರ್ಧ ಕಡಿದ ಮಿರ್ಚಿ ಕೈಯಲ್ಲಿರುವಂತೆಯೇ ಅಳತೊಡಗಿದರು.

"ಖಾರ ಆಯ್ತೇನ್ರಿ?" ಎಂದೆ, ಪೆದ್ದನಂತೆ.

"ನನ್ನ ತಮ್ಮ ಅಲ್ಲಿ ಗುಟುಕು ಗುಟುಕು ನೀರು ಅಳೆದು ಕುಡಿಯಾಕತ್ತಾನ ಸರ್. ನಾ ಇಲ್ಲಿ ಮಿರ್ಚಿ ನುಂಗಾಕತ್ತೀನಿ. ಎಂಥ ಅಕ್ಕ ನಾನು?"

ಚಿತ್ತಾಪುರ ಬರುವ ಹೊತ್ತಿಗೆ ಅವರೇ ಸೆರಗಿನಿಂದ ಮೂಗು ಒರೆಸಿಕೊಂಡು, ನೆಟ್ಟಗೆ ಕುಳಿತು ಹೇಳಿದರು: "ಸಪ್ಪನ ತಿಂದು ಬದುಕೋದು ನನ್ನ ಕೈಲಿ ಆಗಂಗಿಲ್ಲ. ಭಾರ ಬಿಡ್ತೀನಿ, ರುಚಿ ಬಿಡಂಗಿಲ್ಲ. ಎರಡೂ ಕೂಡಿ ಹೆಂಗ ಆಗ್ತದ ನಾ ನೋಡೇಬಿಡ್ತೀನಿ."

ನೋಡಿದ್ದು ಅವರು, ಅನುಭವಿಸಿದ್ದು ನಾವು. ಸ್ಟಾಫ್ ರೂಮು ಪ್ರಯೋಗಶಾಲೆಯಾಯಿತು. ಮೊದಲ ಪ್ರಯೋಗ ಸಕ್ಕರೆಯಿಲ್ಲದ, ತುಪ್ಪವಿಲ್ಲದ ಸೋರೆಕಾಯಿ ಹಲ್ವಾ. ಹೆಡ್‌ಮಾಸ್ತರರು ಬಾಯಿಗೆ ಹಾಕಿಕೊಂಡು, ನುಂಗಲೂ ಆಗದೆ ಉಗುಳಲೂ ಆಗದೆ ಹೊರಗೆ ಓಡಿದರು. ಮೇಡಂ ತಾವೂ ರುಚಿ ನೋಡಿ ತೀರ್ಪು ಕೊಟ್ಟರು: "ಇದನ್ನ ನೈವೇದ್ಯ ಇಟ್ರ ದೇವರು ಸುದ್ದಾ ನಾಸ್ತಿಕ ಆಗ್ತಾನ."

ಆಮೇಲೆ ಸಿಹಿಯ ತಂಟೆಗೆ ಹೋಗದೆ ನಮ್ಮ ಸೀಮೆಯ ಅಡುಗೆಗೇ ತಿರುಗಿದರು. ಪುಂಡಿಪಲ್ಯದ ಹುಳಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಎಣ್ಣೆಯನ್ನು ಹನಿಗೆ ಇಳಿಸಿದರು. ಬದನೆಕಾಯಿಯನ್ನು ಕೆಂಡದ ಮೇಲೆ ಸುಟ್ಟು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಕಲಸಿದರೆ ಅದರ ಹೊಗೆಯ ವಾಸನೆಗೇ ಅರ್ಧ ಹೊಟ್ಟೆ ತುಂಬುತ್ತಿತ್ತು. ಹಸಿ ತೊಗರಿಕಾಯಿಯ ಕಾಲದಲ್ಲಿ ಸಿಪ್ಪೆ ಸಮೇತ ಉಪ್ಪು ಹಾಕಿ ಕುದಿಸಿ ತರುವರು. "ಇದನ್ನ ಸುಲಿಯೋದ್ರಾಗ ಪೀರಿಯಡ್ ಮುಗಿತದ, ತಿನ್ನೋದಕ್ಕ ಟೈಮೇ ಸಿಗಂಗಿಲ್ಲ" ಎಂದು ನಗುವರು. ಮೆತ್ತನೆಯ ಬಿಸಿ ರೊಟ್ಟಿ ನಾಲ್ಕು ತಿನ್ನುತ್ತಿದ್ದವರು ಒಂದು ಕಡಕ್ ರೊಟ್ಟಿಗೆ ಬಂದರು. ಅದಕ್ಕೂ ಅವರ ಬಳಿ ತರ್ಕವಿತ್ತು: "ಹೊಟ್ಟಿ ಸಾಕು ಅನ್ನೋ ಮೊದಲೇ ದವಡಿ ಸಾಕು ಅಂತದ."

ಸಂಜೆ ಶಾಲೆಯ ಮೈದಾನದಲ್ಲಿ ಸುತ್ತು ಹಾಕುವರು. ಕಬಡ್ಡಿ ಆಡುವ ಹುಡುಗರು ದಾರಿ ಬಿಟ್ಟು ನಿಲ್ಲುತ್ತಿದ್ದರು, ಗೌರವಕ್ಕೋ ಭಯಕ್ಕೋ ಗೊತ್ತಿಲ್ಲ. ತೂಕ ಇಳಿಯತೊಡಗಿತು. ರವಿಕೆಗಳನ್ನು ಬಿಗಿ ಮಾಡಿಸಲು ಹೋದಾಗ ದರ್ಜಿ "ಮೈಯಾಗ ಆರಾಮ ಇಲ್ಲೇನ್ರಿ?" ಎಂದು ಕೇಳಿದನಂತೆ. ಅದನ್ನು ಹೊಗಳಿಕೆಯೆಂದೇ ತಿಳಿದು ನಮಗೆಲ್ಲ ಹೇಳಿಕೊಂಡು ತಿರುಗಿದರು.

ನಮ್ಮ ಶಾಲೆಯ ಗುಮಾಸ್ತರ ಮಗಳ ಮದುವೆ ಸನ್ನತಿಯಲ್ಲಿತ್ತು. ಪಂಕ್ತಿಯಲ್ಲಿ ಕುಳಿತ ಮೇಡಂ ಮುಂದೆ ಗುಮಾಸ್ತರ ಹೆಂಡತಿ ಹೋಳಿಗೆ ಹಿಡಿದು ನಿಂತೇಬಿಟ್ಟರು. ಬೇಡವೆಂದಷ್ಟೂ ಬಗ್ಗುವರು.

"ಒಂದು ತಿಂದ್ರ ಏನಾಗ್ತದ್ರಿ ಅಕ್ಕೋರೆ? ಶುಭಕಾರ್ಯದಾಗ ಬ್ಯಾಡ ಅನಬಾರದು."

ಮೇಡಂ ನನ್ನತ್ತ ಕೈ ತೋರಿಸಿದರು. "ಇವರಿಗೆ ಹಾಕ್ರಿ ತಾಯಿ. ಇವರ ಕಿಡ್ನಿ ಯಾರಿಗೂ ಬೇಕಾಗಿಲ್ಲ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಆದರೆ ನನ್ನ ಎಲೆಗೆ ತುಪ್ಪ ಬೀಳುವಾಗ ಅವರ ಕಣ್ಣು ಆ ಹೋಳಿಗೆಯ ಮೇಲೇ ಇದ್ದದ್ದನ್ನು ನಾನು ಕಂಡೆ. ಅದನ್ನು ತಿನ್ನುವುದು ನನಗೆ ಸುಲಭವಾಗಲಿಲ್ಲ. ತಿಂದೆ, ಆ ಮಾತು ಬೇರೆ.

ಕೊನೆಗೆ ಡಾಕ್ಟರು ಒಪ್ಪಿದರು. ಆಪರೇಷನ್ ಹೈದರಾಬಾದಿನಲ್ಲಿ. ಆ ದಿನ ಸ್ಟಾಫ್ ರೂಮಿನಲ್ಲಿ ಯಾರಿಗೂ ಪಾಠ ಮಾಡುವ ಮನಸ್ಸಿರಲಿಲ್ಲ. ಸುದ್ದಿ ಬರಲಿಲ್ಲ. ಮರುದಿನ ಮಧ್ಯಾಹ್ನ ನನ್ನ ಫೋನು ಬಡಿಯಿತು. ಎಲ್ಲರೂ ಕೇಳಲೆಂದು ಸ್ಪೀಕರ್ ಹಾಕಿದೆ. ಆಚೆಯಿಂದ ಸಣ್ಣಗಾದ, ಆದರೂ ಗುರುತು ಸಿಗುವ ಅದೇ ಧ್ವನಿ:

"ಸರ್, ನನ್ನ ತಮ್ಮ ಉಚ್ಚಿ ಹೊಯ್ದ!"

ಹೆಡ್‌ಮಾಸ್ತರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬ ಗಂಡಸಿನ ಮೂತ್ರಕ್ಕೆ ಒಂದು ಸರಕಾರಿ ಶಾಲೆ ಅಷ್ಟು ಸಂಭ್ರಮ ಪಟ್ಟದ್ದು ಎಲ್ಲೂ ಇರಲಾರದು. ನಮ್ಮ ಕಣ್ಣುಗಳೆಲ್ಲ ಒದ್ದೆಯಾಗಿದ್ದವು.

ಮಲ್ಲಿನಾಥ ಚೇತರಿಸಿಕೊಂಡ. ಮೇಡಂ ಅವನ ಹತ್ತಿರ ಇರಬೇಕೆಂದು ಚಿಂಚೋಳಿ ಕಡೆಗೆ ವರ್ಗ ಮಾಡಿಸಿಕೊಂಡರು. ಬೀಳ್ಕೊಡುಗೆಯ ಸಭೆಯಲ್ಲಿ ಹೆಡ್‌ಮಾಸ್ತರರು ಗಂಟಲು ಸರಿಪಡಿಸಿಕೊಂಡು, "ತ್ಯಾಗಮಯಿ ಚನ್ನಬಸಮ್ಮನವರು ಅನ್ನಾಹಾರ ತೊರೆದು..." ಎಂದು ಶುರುಮಾಡಿದರು.

ಮೇಡಂ ಕುಳಿತಲ್ಲಿಂದಲೇ ತಡೆದರು. "ತ್ಯಾಗ-ಗೀಗ ಅನಬ್ಯಾಡ್ರಿ ಸರ್, ಮಕ್ಕಳು ಖರೇ ತಿಳ್ಕೋತಾವ. ನಾ ಹಸಿದು ಕರಗಿಲ್ಲ, ಉಂಡು ಕರಗೀನಿ."

ಹಾರವನ್ನು ತೆಗೆದು ಟೇಬಲ್ಲಿನ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಬಸ್ ನಿಲ್ದಾಣದವರೆಗೆ ನಾನು ಚೀಲ ಹಿಡಿದು ಹೋದೆ. ಚಿಂಚೋಳಿ ಬಸ್ಸಿನ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿ, ಕಿಟಕಿಯ ಪಕ್ಕ ಕುಳಿತು, "ಹೋಗ್ರಿ ಸರ್, ಬಿಸಿಲು ಭಾಳ ಅದ" ಎಂದರು. ಅವರನ್ನು ನಾನು ಕಂಡದ್ದು ಅದೇ ಕೊನೆ.

ಮರುದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರೂ ತಮ್ಮ ತಮ್ಮ ಡಬ್ಬಿ ತೆರೆದು, ಮೊಬೈಲು ನೋಡುತ್ತ ಉಂಡರು. ನಾನೂ ಉಂಡೆ. ಏನು ಉಂಡೆನೆಂದು ಕೈ ತೊಳೆಯುವಾಗ ನೆನಪಾಗಲಿಲ್ಲ.